ಬ್ಯಾಲೆಗೆ ಒಯ್ದ ಹಾರ

ಯಲಹಂಕ, ಭಾನುವಾರ

ಅಕ್ಕಾ, ಕ್ಷೇಮ.

ಮೂರು ದಿನದಿಂದ ಇಲ್ಲಿ ಬ್ಯಾಲೆ ಕಂಪನಿಯ ಆಟ ನೋಡುತ್ತಿದ್ದೇನೆ. ಕೂತಲ್ಲಿ ಕೂರಲಾಗುತ್ತಿಲ್ಲ. ಮಾತಿಲ್ಲ, ಹಾಡಿಲ್ಲ, ಹುಡುಗಿಯರು ಹೆಬ್ಬೆರಳ ತುದಿಯಲ್ಲೇ ಓಡಾಡುತ್ತಾರೆ. ನಿನ್ನೆ ಹಕ್ಕಿಯ ವೇಷದವಳು ಬಿದ್ದು ಪ್ರಾಣ ಬಿಟ್ಟಳು. ನಮ್ಮ ಬೀಗರು ಲಕ್ಕಣ್ಣನವರು, ಊರ ನಾಟಕದಲ್ಲಿ ಮಾಡುವಂತೆ, ಸೀದಾ ಸ್ಟೇಜ್ ಹತ್ತಿ, "ಚೆನ್ನಾಗ್ ಸತ್ತೆ ಕಣವ್ವಾ, ಏಳು, ಆರ ಆಕ್ತೀನಿ" ಅಂದುಬಿಟ್ಟರು! ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸತ್ತವಳು ಕಣ್ಣು ತೆರೆಯದೆ ಕತ್ತು ಮಾತ್ರ ಎತ್ತಿ, ಹಾರ ಹಾಕಿಸಿಕೊಂಡು, ಮತ್ತೆ ಸತ್ತಳು.

ಅವಳನ್ನು ನೋಡುತ್ತ ಕುರ್ಚಿಯ ಕೆಳಗೆ ನಾನೂ ಹೆಬ್ಬೆರಳು ಊರಿ ಊರಿ ಅದು ಊದಿಕೊಂಡಿದೆ. ಎಣ್ಣೆ ಹಚ್ಚಿದ್ದೇನೆ, ಗಾಬರಿಯಾಗಬೇಡ. ಇವತ್ತು ಕೊನೆಯ ಆಟ. ಬೀಗರನ್ನು ಬಾಗಿಲಲ್ಲೇ ತಪಾಸಣೆ ಮಾಡುತ್ತಾರಂತೆ. ಇವತ್ತಿನ ಹಾರ ನನ್ನ ಬ್ಯಾಗಿನಲ್ಲಿದೆ.

ಕಾರು ಬಂತು.
ನಿನ್ನ ತಂಗಿ ರತ್ನಮಾಲ