ನೋಡದೆ ಸಹಿ ಹಾಕದವರು

ಓಝರ
9 ಆಗಸ್ಟ್ 1991

ಮುದ್ದಿನ ನೀರೂ,

ಅವ್ವನ ಆಶೀರ್ವಾದ, ಅದರ ಬೆನ್ನಿಗೇ ಒಂದಿಷ್ಟು ಬೈಗುಳ. ಎರಡನ್ನೂ ತೆಗೆದುಕೋ. ನೀನು ಕನ್ನಡ ಕೂಡಿಸಿ ಕೂಡಿಸಿ ಓದುವವಳೆಂದು ಅಕ್ಷರ ದಪ್ಪಗೆ ಬರೆದಿದ್ದೇನೆ. ಅರ್ಧಕ್ಕೇ ಮಡಚಿ ಇಡಬೇಡ.

ನಿಮ್ಮಪ್ಪನ ಹೆಸರಿಗೆ ನೀನು ಬರೆದ ಪತ್ರ ಮಂಗಳವಾರ ಬಂತು. ಹಾಸ್ಟೆಲಿನಲ್ಲಿ ಜಾಗ ಸಿಗಲಿಲ್ಲ, ಶಾಂತಾಬಾಯಿಯವರ ಮನೆಯ ಬಾಡಿಗೆ ಖೋಲಿ ಸಿಕ್ಕಿದ್ದೇ ಪುಣ್ಯ, ತಂದೆತಾಯಿಯ ಜಾಮೀನು ಕಾಗದ ಹದಿನೈದರೊಳಗೆ ಮುಟ್ಟದಿದ್ದರೆ ಅವರು ಅದನ್ನು ಬೇರೆ ಹುಡುಗಿಗೆ ಕೊಡುತ್ತಾರೆ. ಇಷ್ಟು ಸರಿ. ಕೊನೆಗೆ ಮರಾಠಿಯಲ್ಲಿ ಏನು ಬರೆದೆ? ಆ ಜಾಮೀನು ಕಾಗದ ಸಹಿಗೆ ಕಳಿಸಿ ಎರಡು ವಾರವಾಯಿತು, ಅಪ್ಪನಿಗೆ ನನ್ನ ಮೇಲೆ ವಿಶ್ವಾಸವಿಲ್ಲದಿದ್ದರೆ ಹಾಗೇ ಹೇಳಲಿ, ಕೊನೆಯ ವರ್ಷದ ಓದು ಬಿಟ್ಟು ಬರುತ್ತೇನೆ ಎಂದೆ. ಅವರು ನಿಂತುಕೊಂಡೇ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಊಟಕ್ಕೆ ಎರಡು ಸಲ ಕರೆಯಬೇಕಾಯಿತು. ನನಗೆ ನಿನ್ನ ಮೇಲೆ ಬಹಳ ಸಿಟ್ಟು ಬಂತು.

ಜಾಮೀನು ಕಾಗದ ಅವರ ಕೈಗೆ ಬಂದ ದಿನವೇ, "ಕಣ್ಣಿಲೆ ನೋಡಲಾರದ ಖೋಲಿಗೆ ನಾ ಹ್ಯಾಂಗ ಸಹಿ ಮಾಡ್ಲಿ?" ಅಂದಿದ್ದರು. ಅದು ನಿನ್ನ ಮೇಲಿನ ಮಾತಲ್ಲ. ಇಪ್ಪತ್ತೆರಡು ವರ್ಷ ವಿಮಾನ ಕಾರ್ಖಾನೆಯ ತಪಾಸಣೆಯಲ್ಲಿ ಕಳೆದವರು. ಅವರು ನೋಡಿ ಸಹಿ ಹಾಕದೆ ಒಂದು ಬೋಲ್ಟೂ ಮುಂದೆ ಹೋಗುವುದಿಲ್ಲ. ನಿನ್ನ ಏಳನೆಯ ತರಗತಿಯ ಪ್ರಗತಿಪತ್ರಕ ನೆನಪಿದೆಯೇ? ಅಂಕಗಳನ್ನು ಕೂಡಿಸಿ ನೋಡಿ, ಮೂರು ಹೆಚ್ಚು ಬಂದಿವೆಯೆಂದು ಶಾಲೆಗೆ ಹೋಗಿ ತಿದ್ದಿಸಿ ತಂದಿದ್ದರು. ನೀನು ಎರಡು ದಿನ ಅತ್ತಿದ್ದೆ. ಇಂಥ ಮನುಷ್ಯ ಎಲ್ಲಾದರೂ ಸುಮ್ಮನೆ ಸಹಿ ಹಾಕುತ್ತಾರೆಯೇ?

ಬುಧವಾರ ರಜೆ ಹಾಕಿ, ಚೀಲದಲ್ಲಿ ಟೆಸ್ಟರು, ಸ್ಕ್ರೂಡ್ರೈವರು ಇಟ್ಟುಕೊಂಡು ಬೆಳಗಿನ ಬಸ್ಸಿಗೆ ಔರಂಗಾಬಾದಿಗೆ ಹೊರಟರು. ವೈಜಾಪುರದಲ್ಲಿ ಬಸ್ಸು ಕೆಟ್ಟು ಒಂದು ತಾಸು ನಿಂತಿತಂತೆ. ಕೆಳಗಿಳಿದು ಡ್ರೈವರನಿಗೆ ನಾಲ್ಕು ಮಾತು ಹೇಳಿರುತ್ತಾರೆ. ಅದನ್ನು ಅವರು ಹೇಳಲಿಲ್ಲ, ನನಗೆ ಗೊತ್ತು.

ಅವರು ಬಂದು ಹೋದದ್ದನ್ನು ಶಾಂತಾಬಾಯಿ ನಿನಗೆ ಈಗಾಗಲೇ ಹೇಳಿರಬೇಕು. ಉಳಿದದ್ದನ್ನು ನನ್ನಿಂದ ಕೇಳು. ಖೋಲಿಯಲ್ಲಿ ಮೊದಲು ಕಿಟಕಿಯ ಸರಳುಗಳನ್ನು ಒಂದೊಂದಾಗಿ ಜಗ್ಗಿ ನೋಡಿದರಂತೆ. ಸ್ವಿಚ್ಚಿಗೆಲ್ಲ ಟೆಸ್ಟರು ಹಚ್ಚಿದರಂತೆ. ಬಾಗಿಲಿನ ಚಿಲಕ ಸಡಿಲಾಗಿತ್ತು. ಕಾರ್ಖಾನೆಯಲ್ಲಿ ಕೆಟ್ಟ ಭಾಗಕ್ಕೆ ಗುರುತು ಹಾಕುವ ರೂಢಿ ನೋಡು, ಕಿಸೆಯಿಂದ ಕೆಂಪು ಚಾಕ್‌ಪೀಸು ತೆಗೆದು ಆ ಬಾಗಿಲಿನ ಮೇಲೂ ಗೀಚಿಬಿಟ್ಟಿದ್ದಾರೆ! ಶ್ರಾವಣ ಹಿಡಿಯುವ ಹೊತ್ತಿಗೆ ಯಾರದೋ ಮನೆಯ ಬಾಗಿಲಿಗೆ ಕೆಂಪು ಕಾಟು. ಶಾಂತಾಬಾಯಿಗೆ ಸಿಟ್ಟು ಬಾರದೆ ಇರುತ್ತದೆಯೇ? "ಅಹೋ ಸಾಹೇಬ, ಖೋಲಿ ಬಾಡಿಗೆಗೋ, ಮನೆಯನ್ನೇ ಕೊಳ್ಳುತ್ತೀರೋ" ಎಂದು ಕೇಳಿದರಂತೆ. ಇವರು ಕ್ಷಮೆ ಕೇಳಿ, ತಮ್ಮ ಕರ್ಚೀಫಿನಿಂದಲೇ ಗುರುತು ಒರೆಸಿ, ಚಿಲಕವನ್ನೂ ಬಿಗಿ ಮಾಡಿ ಕೊಟ್ಟರು. ಆಮೇಲೆ ಚಹಾ ಬಂತು. ಹತ್ತು ವರ್ಷದಿಂದ ಓದುವ ಹುಡುಗಿಯರಿಗೆ ಖೋಲಿ ಕೊಡುತ್ತಿದ್ದೇನೆ, ಎಲ್ಲರ ಕಾಗದವೂ ಅಂಚೆಯಲ್ಲೇ ಬರುತ್ತದೆ, ಖೋಲಿ ನೋಡಲು ಬಂದ ತಂದೆ ನೀವೊಬ್ಬರೇ ಎಂದರಂತೆ.

ಕಾಗದದಲ್ಲಿ ಎರಡು ಮಾತುಗಳಿವೆ. ಖೋಲಿಗೆ ಏನಾದರೂ ಆದರೆ ಜಾಮೀನುದಾರರು ಹೊಣೆ. ಹುಡುಗಿಯ ನಡತೆಗೂ ಅವರೇ ಹೊಣೆ. ಮೊದಲನೆಯದಕ್ಕೆ ಅವರು ಅಷ್ಟು ಹೊತ್ತು ಪರೀಕ್ಷೆ ನಡೆಸಿದ್ದರಲ್ಲ. ಎರಡನೆಯದನ್ನು ಶಾಂತಾಬಾಯಿ ಬೆರಳಿಟ್ಟು ತೋರಿಸಿ, ಇದನ್ನೂ ನೋಡಿ ಸಹಿ ಮಾಡಿರಿ ಎಂದಾಗ ಇವರು ಒಂದು ಗಳಿಗೆಯೂ ತಡೆಯಲಿಲ್ಲವಂತೆ. "ಅದರಾಗ ನೋಡೋದೇನದ?" ಅಂದು ಸಹಿ ಹಾಕಿಬಿಟ್ಟರು. ಇದನ್ನು ನನಗೆ ಹೇಳುವಾಗ ಮುಖ ತಿರುಗಿಸಿಕೊಂಡು ಚೀಲದಲ್ಲಿ ಏನೋ ಹುಡುಕುತ್ತಿದ್ದರು.

ಮರಳುವಾಗ ನಿನ್ನ ಕಾಲೇಜಿನ ಗೇಟಿನವರೆಗೂ ಹೋಗಿದ್ದರು. ನೀನು ವರ್ಕ್‌ಶಾಪಿನಿಂದ ಗೆಳತಿಯರ ಜೊತೆ ನಗುತ್ತ ಬರುತ್ತಿದ್ದೆ, ಕೈಗೆಲ್ಲ ಗ್ರೀಸು ಮೆತ್ತಿತ್ತು. ಕರೆಯದೆ ಬಂದುಬಿಟ್ಟರು. ಯಾಕೆಂದು ಕೇಳಿದ್ದಕ್ಕೆ, "ತನ್ನನ್ನೂ ತಪಾಸ ಮಾಡ್ಲಿಕ್ಕೆ ಅಪ್ಪ ಬಂದಾನ ಅಂತ ತಿಳ್ಕೋತಿದ್ಲು" ಅಂದರು. ಬೆಳೆದ ಮಗಳಿಗೆ ಇಷ್ಟು ಹೆದರುವ ತಂದೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ತಾಯಿಯ ಸಹಿಯೂ ಬೇಕೆಂದು ಶಾಂತಾಬಾಯಿ ಹೇಳಿದ್ದರಿಂದ ಕಾಗದವನ್ನು ಮರಳಿ ತಂದರು. ನಾನೂ ಸಹಿ ಮಾಡಿದ್ದೇನೆ. ಅದನ್ನು ಇದರೊಂದಿಗೇ ರಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ, ಹದಿನೈದರೊಳಗೆ ಮುಟ್ಟುತ್ತದೆ. ಇನ್ನು ಖೋಲಿಯ ಚಿಂತೆ ಬಿಟ್ಟು ಓದು. ಅಪ್ಪನಿಗೆ ಒಂದು ಪತ್ರ ಬರೆ, ತಪ್ಪಾಯಿತೆನ್ನು.

ನಿನ್ನ ಹಾದಿ ಕಾಯುವ,
ಅವ್ವ
(ಗೋದಾವರಿ)

ತಾ.ಕ.: ಪತ್ರ ಅಂಟಿಸಲು ಹೋದರೆ ಕೈ ಏಳುತ್ತಿಲ್ಲ, ಅದಕ್ಕೇ ಇಷ್ಟು. ನಿನ್ನ ಜಾಮೀನು ಕಾಗದ ನಮ್ಮ ಮನೆಗೆ ಬಂದದ್ದು ಜುಲೈ ಇಪ್ಪತ್ತೈದಕ್ಕೆ. ನಿಮ್ಮಪ್ಪನಿಗೆ ನಾನು ಕೊಟ್ಟದ್ದು ಆಗಸ್ಟ್ ಎರಡಕ್ಕೆ. ನಡುವಿನ ಎಂಟು ದಿನ ಅದು ಟ್ರಂಕಿನಲ್ಲಿ, ನನ್ನ ಸೀರೆಗಳ ಕೆಳಗೆ ಇತ್ತು. ಖೋಲಿ ತಪ್ಪಿದರೆ ನೀನು ಮನೆಗೆ ಬರುತ್ತೀ, ಇಲ್ಲೇ ನಾಸಿಕದಲ್ಲಿ ಏನಾದರೂ ಓದುತ್ತೀ ಎಂದುಕೊಂಡೆ. ಅವರು ಎರಡನೆಯ ಪಾಳಿಗೆ ಹೋದ ಮೇಲೆ ಈ ಮನೆಯಲ್ಲಿ ಮಾತಾಡುವವರೇ ಇಲ್ಲ ನೀರೂ. ನಿನ್ನ ಪತ್ರ ಓದಿ ಅವರು, ನಾನೇ ತಡ ಮಾಡಿದೆ ಎಂದು ಬೇಜಾರು ಪಟ್ಟುಕೊಂಡರು. ನಾನು ರೊಟ್ಟಿ ಬಡಿಯುತ್ತಲೇ ಇದ್ದೆ. ಅಂಚೆಗೆ ಹಾಕಿ ಬಂದವಳೇ ಅವರಿಗೂ ಹೇಳುತ್ತೇನೆ. ತಪ್ಪಾಯಿತೆಂದು ನೀನು ಅವರಿಗೆ ಬರೆಯುವುದು ಬೇಡ, ನಾನೇ ನಿನಗೆ ಬರೆದಿದ್ದೇನೆ.