ಹಳಿಗಳ ಕ್ಷೇಮಸಮಾಚಾರ

ಯರಗಟ್ಟಿ
ಶುಕ್ರವಾರ, ೧೪ ನವೆಂಬರ್ ೨೦೨೫

ನನ್ನ ಪ್ರೀತಿಯ ರೀ,

ಹೇಗಿದ್ದೀರಿ? ಕೆಮ್ಮು ನಿಂತಿತೇ? ಸುರಂಗದ ತೇವದಲ್ಲಿ ನಡೆದು ಬಂದವರು ತಲೆ ಕೂಡ ಒರೆಸಿಕೊಳ್ಳದೆ ಮಲಗುತ್ತೀರಂತೆ. ನಿಮ್ಮ ಜೊತೆ ಹಳಿ ತಪಾಸಣೆ ಮಾಡುವ ನಮ್ಮ ರಾಮದುರ್ಗದ ಜುನೇದ್ ಅಣ್ಣನೇ ಚಾಡಿ ಹೇಳಿದ್ದಾರೆ. ನೀವು ಬಿಟ್ಟುಹೋದ ನೀಲಿ ಅಂಗಿಯನ್ನು ನಾನು ಇನ್ನೂ ಒಗೆದಿಲ್ಲ. ಯಾಕೆ ಎಂದು ಕೇಳಬೇಡಿ, ನಾಚಿಕೆಯಾಗುತ್ತದೆ. ದಿನಾ ಮಾತಾಡುವವಳು ಪತ್ರವೇಕೆ ಬರೆದಳು ಎಂದೂ ನಗಬೇಡಿ. ನಿಮ್ಮ ಫೋನು ಬಂದರೆ ಸ್ಪೀಕರ್ ಹಾಕಿ ಮನೆಯವರೆಲ್ಲ ಪಡಸಾಲೆಯಲ್ಲಿ ಕೂರುತ್ತಾರೆ. ಮೆಸೇಜು ಕಳಿಸೋಣವೆಂದರೆ ಡ್ಯೂಟಿಯಲ್ಲಿ ನಿಮ್ಮ ಫೋನು ಸಾಹೇಬರ ಕಪಾಟಿನಲ್ಲಿರುತ್ತದೆ. ಇದನ್ನು ಬೇರೆ ಯಾರೂ ಓದಬಾರದು.

ಇಲ್ಲಿ ಎಲ್ಲರೂ ಆರಾಮ. ನನ್ನ ಕೆಲಸವೂ ಜೋರಾಗಿ ನಡೆದಿದೆ. ಬೆಳಗಾವಿಯ ಕಚೇರಿಯವರು ಈ ಸಲ ಊರೂರಿನ ಮೆಟ್ರೊ, ರೈಲು ಸಂಸ್ಥೆಗಳಿಗೆ ಫೋನು ಮಾಡಿ, ಹಳಿಗೆ ತುಕ್ಕು ಹಿಡಿಯುವ ತೊಂದರೆ ಇದೆಯೇ, ಎಲ್ಲಿದೆ, ಏನು ಮಾಡುತ್ತೀರಿ ಎಂದು ಕೇಳುವ ಸಮೀಕ್ಷೆ ಕೊಟ್ಟಿದ್ದಾರೆ. ನಾನು ಅಡುಗೆಮನೆಯ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರೆ ಅತ್ತೆಯವರು ರೊಟ್ಟಿ ಬಡಿಯುತ್ತ ಬೀಗರಿಗೆಲ್ಲ ಹೇಳುತ್ತಾರೆ: "ನಮ್ಮೂರಿಗಿ ರೈಲ ಇಲ್ಲ, ಏನಿಲ್ಲ. ನಮ್ಮ ಸೊಸಿ ನೋಡ್ರಿ, ಮಂದಿ ಊರಿನ ಹಳಿ ಆರಾಮ ಅದಾವಿಲ್ಲೋ ಅಂತ ದಿನಾ ಕೇಳತಾಳ." ನಾನೂ ನಗುತ್ತಿದ್ದೆ. ಮೊನ್ನೆ ಬುಧವಾರದವರೆಗೆ.

ಬುಧವಾರ ನನ್ನ ಸರದಿಗೆ ನಿಮ್ಮ ಮೆಟ್ರೊನೇ ಬಂತು. ನನಗೆ ಎಷ್ಟು ಖುಷಿಯಾಯಿತೆಂದರೆ, ಫೋನಿನಲ್ಲಿ ಕಾಣುತ್ತಾರೇನೋ ಎಂಬಂತೆ ಕೂದಲು ಸರಿಮಾಡಿಕೊಂಡೆ. ಫೋನು ತೆಗೆದುಕೊಂಡ ಅಧಿಕಾರಿ ಬಹಳ ಮರ್ಯಾದೆಯಿಂದ, ನಮ್ಮಲ್ಲಿ ಎಲ್ಲಿಯೂ ತುಕ್ಕಿನ ತೊಂದರೆ ಇಲ್ಲ, ಹಾಗೆಂದೇ ಬರೆದುಕೊಳ್ಳಿ ಎಂದರು. ನನಗೆ ತೊರಗಲ್ ಕೋಟೆ ನೆನಪಾಯಿತು. ಮದುವೆಯಾದ ಹೊಸತರಲ್ಲಿ ನಾವು ಹತ್ತಿದ್ದೆವಲ್ಲ, ನಾನು ಫೋಟೊ ತೆಗೆಯೋಣ ಎಂದರೆ ನೀವು ಕಲ್ಲಿನ ಮೇಲೆ ಕೂತು ನಿಮ್ಮ ಮೆಟ್ರೊ ಹಳಿಯ ಕಡಲ ಕಡೆಯ ತಿರುವಿನ ಮಾತು ತೆಗೆದಿರಿ. "ಮ್ಯಾಲ ಕನ್ನಡಿ ಹಂಗ ಹೊಳೀತೈತಿ ರೇಣು. ಬುಡಕ್ಕ ಬೆರಳ ಹಾಕಿದ್ರ ಪದರ ಪದರ ಕೈಗಿ ಬರತೈತಿ." ಸಾಹೇಬರಿಗೆ ಎರಡು ಸಲ ಹೇಳಿದರೂ ಮುಂದಿನ ವರ್ಷ ನೋಡೋಣ ಎಂದರಂತೆ. ಆವತ್ತು ನಿಮ್ಮ ಮುಖ ನೋಡಿ ನನಗೆ ಫೋಟೊದ ಆಸೆಯೇ ಹೋಗಿತ್ತು.

ಅದಕ್ಕೇ ನನ್ನ ಬಾಯಿಂದ, ಹಾಗಾದರೆ ಕಡಲ ಕಡೆಯ ತಿರುವು ಎಂಬ ಪ್ರಶ್ನೆ ಬಂದುಬಿಟ್ಟಿತು. ಅಧಿಕಾರಿ, ಯಾರು ಹೇಳಿದರು ಎಂದರು. ಮದುವೆಯಾದಾಗಿನಿಂದ ನಾನು ಕಾಯಿಪಲ್ಲೆ ಮಾರುವವಳ ಮುಂದೆಯೂ ನಿಮ್ಮ ಮಾತನ್ನೇ ಹೇಳುವವಳು. ಇಲ್ಲಿಯೂ ಇಂಗ್ಲಿಷಿನಲ್ಲಿ, ಮೈ ಹಸ್ಬೆಂಡ್, ಎಂದುಬಿಟ್ಟೆ. ಅವರ ಹೆಸರೇನು ಎಂದು ಮೆಲ್ಲಗೆ ಕೇಳಿದರು. ನನ್ನ ನಾಲಿಗೆ ನಿಂತಿತು. ತಡೆದದ್ದು ಹೆದರಿಕೆಯೋ ರೂಢಿಯೋ ನನಗೇ ತಿಳಿಯದು. ಫೋನು ಇಟ್ಟ ಮೇಲೆ, ಸ್ಪೀಕರಿನಲ್ಲಿ ಕೇಳಿಸಿಕೊಂಡ ಮಾತಿನಲ್ಲಿ ಹಸ್ಬೆಂಡ್, ನೇಮ್ ಎಂಬ ಎರಡೇ ಶಬ್ದ ತಿಳಿದಿದ್ದ ಅತ್ತೆಯವರು ಬಂದು ನನ್ನ ಗಲ್ಲ ಸವರಿದರು. "ಛಲೋ ಮಾಡಿದಿ ಬಿಡವಾ. ಫೋನಿನ್ಯಾಗ ಸೈತ ಗಂಡನ ಹೆಸರ ತಗೀಲಿಲ್ಲ." ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಬೆಳಗಾವಿಯ ಕಚೇರಿಯಿಂದ ಎಂದೇ ನಾನು ಮಾತು ಶುರುಮಾಡಿದ್ದೆ. ಆ ತಿರುವಿನಲ್ಲಿ ನಡೆಯುವವರಲ್ಲಿ ಬೆಳಗಾವಿ ಕಡೆಯವರು ನೀವು, ಜುನೇದ್ ಅಣ್ಣ ಇಬ್ಬರೇ, ಅದರಲ್ಲೂ ಮೊನ್ನೆ ಮೊನ್ನೆ ಮದುವೆಗೆ ರಜೆ ಹಾಕಿದವರು ನೀವೊಬ್ಬರೇ. ಆ ಅಧಿಕಾರಿಗೆ ನಿಮ್ಮ ಹೆಸರು ಗೊತ್ತಾಗಲು ತಡವಾಗದು. ಎರಡು ದಿನದಿಂದ ನಿಮ್ಮ ದನಿಯಲ್ಲಿ ಏನಾದರೂ ಬದಲಾಗಿದೆಯೇ ಎಂದು ಕಿವಿಗೊಟ್ಟು ಕೇಳುತ್ತಿದ್ದೇನೆ. ನೀವೇನೋ ಊಟ ಆಯ್ತೇನು ಎಂದೇ ಕೇಳುತ್ತೀರಿ. ಇದರ ನಡುವೆ ನೀವು ಕಳಿಸಿದ ಫೋಟೊ ಬಂತು. ಜುನೇದ್ ಅಣ್ಣನ ಮಗಳು ಫರೀನ್ ಅದೇ ತಿರುವು ದಾಟುವ ರೈಲಿನಲ್ಲಿ ಶಾಲೆಗೆ ಹೊರಟಿದ್ದಾಳೆ, ಕಿಟಕಿಗೆ ಮೂಗು ಒತ್ತಿ ನಿಂತಿದ್ದಾಳೆ. ಅವಳ ಹಲ್ಲು ಬಿದ್ದಿದೆ.

ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಶೇಂಗಾ ಹೋಳಿಗೆ ಇದೆ. ನನ್ನ ಪಾಲಿನದನ್ನು ಪತ್ರದಲ್ಲಿ ಬರೆಯಲಾಗದು. ತಲೆ ಒರೆಸಿಕೊಳ್ಳಿ.

ಸದಾ ನಿಮ್ಮವಳೇ,
ರೇಣು

ತಾ.ಕ.: ನಾಳೆ ಈ ಪತ್ರವನ್ನು ನಿಮ್ಮ ಕೈಗೆ ಕೊಡುವ ನಿಮ್ಮ ತಮ್ಮ ಮಾಂತೇಶ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಹೇಳುತ್ತೇನೆ. ನಮ್ಮ ಕಚೇರಿಯ ಹಿನಾಕೌಸರ ಮೇಡಂ, ಕಣ್ಣಾರೆ ಕಂಡವರು ಹೆಸರು ಕೊಟ್ಟರೆ ಮಾತ್ರ ಸಂಸ್ಥೆಯ ಉತ್ತರದ ಕೆಳಗೆ ಅವರು ಕಂಡದ್ದನ್ನೂ ಸೇರಿಸುತ್ತೇನೆ, ಆ ಹೆಸರು ನಿಮ್ಮ ಮೆಟ್ರೊಗೂ ಹೋಗುತ್ತದೆ ಎಂದಿದ್ದಾರೆ. ಸೋಮವಾರ ಕೊನೆಯ ದಿನ. ನೌಕರಿ ನಿಮ್ಮದು, ನಿಮ್ಮನ್ನು ಕೇಳದೆ ಕೊಡಲಾರೆ. ಮದುವೆಯಾಗಿ ಬಂದ ದಿನ ಹೊಸ್ತಿಲಲ್ಲಿ ನಿಂತು, ಗಂಡನ ಹೆಸರು ಸೇರಿಸಿ ನಾನು ಹೇಳಿದ ಒಡಪು ನೆನಪಿದೆಯೇ? "ಯರಗಟ್ಟಿ ಸಂತ್ಯಾಗ ಮೆಣಸಿನಕಾಯಿ ಕೆಂಪ, ವಿರೂಪಾಕ್ಷ ಅವರ ಮಾತ ಕೇಳಿದ್ರ ಎದಿ ತಂಪ." ಇಂಗ್ಲಿಷ್ ಶಾಲೆಯ ಹುಡುಗಿಗೂ ಒಡಪು ಬರುತ್ತದೆ ಎಂದು ಎಲ್ಲರೂ ನಕ್ಕಿದ್ದರಲ್ಲ. ನಾನು ನಿಮ್ಮ ಹೆಸರು ಹಿಡಿದದ್ದು ಅದೊಂದೇ ಸಲ. ಭಾನುವಾರ ಫೋನು ಮಾಡಿದಾಗ ನೀವು ಆ ಒಡಪು ಕೇಳದಿದ್ದರೆ, ತೊಂದರೆ ಇಲ್ಲ ಎಂದೇ ಬರೆದು ಕಳಿಸುತ್ತೇನೆ, ಆದರೆ ಆಮೇಲೆ ಫರೀನಳ ಫೋಟೊ ನನಗೆ ಕಳಿಸಬೇಡಿ. ಒಪ್ಪಿಗೆಯಿದ್ದರೆ, ಎಲ್ಲರ ಮುಂದೆ, ಒಡಪು ಇನ್ನೊಮ್ಮೆ ಹೇಳು ಎನ್ನಿ. ಪಡಸಾಲೆಯೆಲ್ಲ ನಗುತ್ತದೆ, ನಾನು ಹೇಳುತ್ತೇನೆ. ಸೋಮವಾರ ಬೆಳಿಗ್ಗೆ ಮೇಡಂ ಮುಂದೆ ನಿಮ್ಮ ಹೆಸರು ಹೇಳುತ್ತೇನೆ, ಒಡಪಿಲ್ಲದೆ.