ಇಪ್ಪತ್ತು ಗ್ರಾಂಗೆ ಕದಲದ ಗಾಡಿ

ಯಾದವಗಿರಿ, ಮೈಸೂರು
೧೪-೭-೧೯೫೭, ಭಾನುವಾರ

ಪ್ರೀತಿಯ ಸರೋಜ,

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಉತ್ತರ ಬರೆಯದ ನನ್ನನ್ನು ಚೆನ್ನಾಗಿ ಬೈದುಕೊಂಡಿರುತ್ತೀಯೆ, ಬೈದುಕೋ. ನಾನೂ ಅಮ್ಮನೂ ಕ್ಷೇಮ. ನಿಮ್ಮ ಮಂಡಕಳ್ಳಿಯಲ್ಲಿ ರಾಗಿ ಬಿತ್ತನೆ ಆಯಿತೆ? ಮಗುವಿನ ಕೆಮ್ಮು ವಾಸಿಯಾಯಿತೆ?

ನೀನು ಬರೆದಿದ್ದಂತೆ ನಿನ್ನ ತಂಗಿ ವಸಂತ ನಮ್ಮ ಕಾಲೇಜಿಗೇ ಸೇರಿದ್ದಾಳೆ. ನಾಳೆ ಅವಳ ತರಗತಿಗೆ ಮೊದಲ ಪ್ರಯೋಗ, ಬಲ ಮತ್ತು ಚಲನೆ. ಮಾಡಿಸುವವಳು ನಾನು! ಮೇಜಿನ ಮೇಲೆ ಹಲಗೆ, ಅದರ ಮೇಲೆ ನಮ್ಮ ಕಾಲದ ಅದೇ ಹಿತ್ತಾಳೆ ಚಕ್ರದ ಗಾಡಿ, ದಾರ, ರಾಟೆ, ತೂಕದ ತಟ್ಟೆ. ತೂಕ ಹೆಚ್ಚಿಸಿದಷ್ಟೂ ಗಾಡಿ ಬೇಗ ಬೇಗ ವೇಗ ಹಿಡಿಯಬೇಕು, ಗ್ರಾಫಿನ ಗೆರೆ ಸೊನ್ನೆಯಿಂದ ನೆಟ್ಟಗೆ ಹೊರಡಬೇಕು. ಪುಸ್ತಕದಲ್ಲಿ ಹಾಗಿದೆ. ಇಲ್ಲಿ ಇಪ್ಪತ್ತು ಗ್ರಾಂ ಇಟ್ಟರೆ ಗಾಡಿ ಕದಲುವುದೇ ಇಲ್ಲ. ವಾರದಿಂದ ಒದ್ದಾಡುತ್ತಿದ್ದೇನೆ. ಎಣ್ಣೆ ಬಿಟ್ಟೆ, ದಾರ ಬದಲಿಸಿದೆ, ಹಲಗೆ ತಿರುಗಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನನ್ನನ್ನೇ ಹಂಗಿಸಿಕೊಂಡೆ. ನಿನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿ ಅಮ್ಮನಿಂದ ಬೈಸಿಕೊಂಡೆ.

ಅಟೆಂಡರ್ ಗುರುಮಲ್ಲಪ್ಪ ನೋಡಿ ನೋಡಿ ನಕ್ಕ. "ಯಾಕಂಗೆ ಒದ್ದಾಡ್ತೀರಾ ಅಮ್ಮಾವ್ರೇ? ಚಕ್ರ ಅಚ್ಚಿಗೆ ಉಜ್ತದೆ. ಎಷ್ಟೋ ವರ್ಸದಿಂದ ಇಂಗೇ. ಎಲ್ರೂ ಗೆರೆ ಮೊದ್ಲು ಎಳ್ಕತಾರೆ, ರೀಡಿಂಗು ಆಮೇಲೆ ತುಂಬ್ಕತಾರೆ" ಅಂದ.

ವಿಭಾಗದ ಮುಖ್ಯಸ್ಥರಾದ ಬಿಂದುಮಾಧವರಾಯರ ಹತ್ತಿರ ಹೋದೆ. "ಹಳೇ ರೆಕಾರ್ಡ್ ನೋಡಿ ಬರೆಸಿಬಿಡಿ ಕಣಮ್ಮ. ನಿಮ್ಮ ಕೆಲಸ ಇನ್ನೂ ಖಾಯಂ ಆಗಿಲ್ಲ. ಮೊದಲನೇ ದಿನವೇ ತಕರಾರು ಯಾಕೆ?" ಎಂದರು.

ತಕರಾರೇ ಆಗಲಿ. ಬಂದದ್ದನ್ನೇ ಬರೆಯಿರಿ ಎಂದು ನಾಳೆ ಹೇಳುತ್ತೇನೆ. ಹೀಗೆ ಬರೆದುಬಿಟ್ಟೆನಲ್ಲ, ಅಷ್ಟರಲ್ಲೇ ಎರಡು ಸಲ ಎದ್ದು ಬಾಗಿಲಿಗೆ ಹೋಗಿ ಬಂದೆ. ಕೆಲಸ ಹೋದರೆ ಅಮ್ಮನಿಗೆ ಏನು ಹೇಳಲಿ? ಭಯವಾಗುತ್ತದೆ ಕಣೇ.

ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು. ಮಗುವಿಗೆ ಮುತ್ತು. ನಿಮ್ಮ ಮನೆ ತಣ್ಣಗಿರಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ
ರಮಾಮಣಿ

ತಾ.ಕ.: ಇದನ್ನು ಬರೆಯುವ ಧೈರ್ಯ ಬರಲೆಂದೇ ಮೇಲಿನದನ್ನೆಲ್ಲ ಬರೆದೆ. ಐದು ವರ್ಷದ ಹಿಂದೆ, ನಮ್ಮ ಪ್ರಾಕ್ಟಿಕಲ್ ಪರೀಕ್ಷೆಯ ದಿನ, ಈ ಗಾಡಿ ನನಗೂ ಕದಲಲಿಲ್ಲ. ನಾನು ಗೆರೆ ಮೊದಲು ಎಳೆದೆ. ನನ್ನ ನಂತರ ಅದೇ ಮೇಜಿಗೆ ಬಂದ ನೀನು ಕಂಡದ್ದನ್ನು ಬರೆದೆ. ಪರೀಕ್ಷಕರು ನನ್ನನ್ನು ಕರೆದು, "ನಿನಗೂ ಹೀಗೇ ಬಂತೇನಮ್ಮ?" ಎಂದು ಕೇಳಿದರು. "ಇಲ್ಲ ಸಾರ್, ನನಗೆ ಸರಿಯಾಗಿ ಬಂತು" ಅಂದೆ. ನೀನು ಫೇಲಾದೆ. ನಿಮ್ಮಪ್ಪ ಓದು ಬಿಡಿಸಿ ಮದುವೆ ಮಾಡಿದರು. ನಿನ್ನ ರೀಡಿಂಗ್ ಸರಿಯಿತ್ತು ಸರೋಜ, ಒಂದೂ ತಪ್ಪಿರಲಿಲ್ಲ. ಅವತ್ತು ಹೊರಗೆ ಬಂದು ಕಣ್ಣೊರೆಸಿಕೊಂಡು, "ಓಗ್ಲಿ ಬುಡು, ನಿಂದಾದ್ರೂ ಸರ್ಯಾಗ್ ಬಂತಲ್ಲ" ಅಂದೆ ನೀನು. ನಾನು ಹೂಂ ಅಂದೆ.